ಸ್ಪ್ರಿಂಗ್ ನೆರವಿನ ಚಾಕುವೋ, ಕೈಯಿಂದಲೇ ತೆರೆಯುವ ಚಾಕುವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿಗೊಂದು ಮಡಚುವ ಚಾಕು ಕೊಳ್ಳಲು ಹೊರಟವರು ಅಲಗು, ಹಿಡಿ, ಬೆಲೆ ಎಲ್ಲವನ್ನೂ ಅಳೆದು ತೂಗಿ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ: ಸ್ಪ್ರಿಂಗ್ ಇರಲೋ, ಬೇಡವೋ? ನನ್ನ ಒಲವು ಸ್ಪ್ರಿಂಗ್ ಇಲ್ಲದೆ ಕೈಯಿಂದಲೇ ತೆರೆಯುವ ಚಾಕುವಿನ (ಮುಂದೆ ಬರೀ ‘ಕೈಚಾಕು’) ಕಡೆಗೆ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಉತ್ತರಗಳನ್ನು ಎಷ್ಟು ನಂಬಬೇಕೆಂದು ನೀವೇ ತೀರ್ಮಾನಿಸಬಹುದು.

ಅಸಿಸ್ಟೆಡ್ ಚಾಕು ಎಂದರೆ ಯಾವುದು?

ಮುಚ್ಚಿರುವ ಅಲಗನ್ನು ನೀವು ಬೆರಳಿನಿಂದ ಒಂದಿಷ್ಟು ದೂರ ತಳ್ಳುತ್ತೀರಿ. ಆಮೇಲೆ ಹಿಡಿಯೊಳಗಿನ ಸ್ಪ್ರಿಂಗ್ ಕೆಲಸವನ್ನು ಕೈಗೆತ್ತಿಕೊಂಡು ಅಲಗನ್ನು ಪೂರ್ತಿ ತೆರೆದು ನಿಲ್ಲಿಸುತ್ತದೆ. ತಳ್ಳಲು ಅಲಗಿನ ಬದಿಯಲ್ಲಿ ಸಣ್ಣ ಸ್ಟಡ್ ಇರುತ್ತದೆ, ಇಲ್ಲವೇ ಹಿಡಿಯ ಬೆನ್ನಿನಿಂದ ಅಲಗಿನ ಬುಡ ಬಾಲದಂತೆ ಹೊರಚಾಚಿರುತ್ತದೆ. ಆ ಬಾಲವೇ ಫ್ಲಿಪ್ಪರ್.

ಅಮೆರಿಕದ ಕೆರ್ಷಾ ಕಂಪನಿಯ ಸ್ಪೀಡ್‌ಸೇಫ್ ವ್ಯವಸ್ಥೆಯನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಬಾಗಿದ ಒಂದು ಸಪೂರ ಉಕ್ಕಿನ ತಂತಿ. ಅದರ ಒಂದು ತುದಿ ಹಿಡಿಯ ತಗಡಿಗೆ ಸಿಕ್ಕಿಸಿದೆ, ಇನ್ನೊಂದು ತುದಿ ಅಲಗಿನ ಬುಡದಲ್ಲಿ ಕೊರೆದ ತೋಡಿಗೆ ಕೂತಿದೆ. ಚಾಕು ಮುಚ್ಚಿರುವಾಗ ಈ ತಂತಿ ಅಲಗನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಅಲಗು ಒಂದು ಕೋನ ದಾಟಿತೋ, ಅದೇ ತಂತಿ ಹೊರಕ್ಕೆ ನೂಕುತ್ತದೆ. ಗೋಡೆಯ ಸ್ವಿಚ್ಚು ನಡುವೆ ನಿಲ್ಲದೆ ಆ ಕಡೆಗೋ ಈ ಕಡೆಗೋ ಬೀಳುತ್ತದಲ್ಲ, ಹಾಗೆ.

ಹಾಗಾದರೆ ಬಟನ್ ಚಾಕುವಿಗೂ ಇದಕ್ಕೂ ಏನು ವ್ಯತ್ಯಾಸ?

ಬಟನ್ ಚಾಕುವಿನಲ್ಲಿ ಸ್ಪ್ರಿಂಗ್ ಸದಾ ಅಲಗನ್ನು ಹೊರದೂಡಲು ಕಾಯುತ್ತಿರುತ್ತದೆ, ಅದನ್ನು ತಡೆದಿರುವುದು ಒಂದು ಕೊಕ್ಕೆ ಮಾತ್ರ. ಹಿಡಿಯ ಮೇಲಿನ ಬಟನ್ ಒತ್ತಿದರೆ ಕೊಕ್ಕೆ ಸರಿಯುತ್ತದೆ, ಅಲಗು ಚಿಮ್ಮುತ್ತದೆ. ಅಸಿಸ್ಟೆಡ್ ಚಾಕುವಿನಲ್ಲಿ ನೀವು ಅಲಗನ್ನೇ ಮುಟ್ಟಿ ತಳ್ಳಬೇಕು, ಮುಚ್ಚಿರುವಾಗ ಸ್ಪ್ರಿಂಗಿನ ಒಲವು ಮುಚ್ಚಿಯೇ ಇರುವ ಕಡೆಗೆ. ನೋಡುವವರ ಕಣ್ಣಿಗೆ ಎರಡೂ ಒಂದೇ ಥರ ‘ಟಕ್’ ಎನ್ನುತ್ತವೆ. ಕಾನೂನಿನ ಕಣ್ಣಿಗೆ ಕೆಲವು ದೇಶಗಳಲ್ಲಿ ಇವು ಬೇರೆ ಬೇರೆ, ಕೆಲವು ಕಡೆ ಎರಡೂ ಒಂದೇ.

ಇದನ್ನು ಕಂಡುಹಿಡಿಯುವ ಅಗತ್ಯವಾದರೂ ಏನಿತ್ತು?

ಕಾನೂನು. ಅಮೆರಿಕದಲ್ಲಿ 1958ರ ಕೇಂದ್ರ ಕಾಯ್ದೆ ಬಟನ್ ಚಾಕುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಾಟಕ್ಕಾಗಿ ಸಾಗಿಸುವುದನ್ನು ನಿಷೇಧಿಸಿತು. ಹಿಡಿಯಲ್ಲಿರುವ ಬಟನ್ ಅಥವಾ ಬೇರೆ ಸಾಧನವನ್ನು ಒತ್ತಿದಾಗ ತಾನಾಗಿ ತೆರೆದುಕೊಳ್ಳುವ ಚಾಕು ಎಂಬುದು ಅದರ ವ್ಯಾಖ್ಯೆಯ ತಿರುಳು. ಒತ್ತುವ ಜಾಗ ಹಿಡಿಯಲ್ಲಿರದೆ ಅಲಗಿನಲ್ಲಿದ್ದರೆ? ಆ ಸಂದಿನಲ್ಲೇ 1990ರ ದಶಕದ ನಡುವೆ ಬ್ಲ್ಯಾಕಿ ಕಾಲಿನ್ಸ್ ಮತ್ತು ಹವಾಯಿಯ ಕೆನ್ ಆನಿಯನ್ ಎಂಬ ವಿನ್ಯಾಸಕಾರರು ತಮ್ಮ ತಮ್ಮ ದಾರಿಯಲ್ಲಿ ನುಸುಳಿದರು. ಆನಿಯನ್ ವಿನ್ಯಾಸವನ್ನು ಕೆರ್ಷಾ ಮನೆಮಾತಾಗಿಸಿತು. 2009ರಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ಇವನ್ನೂ ಬಟನ್ ಚಾಕುಗಳ ಸಾಲಿಗೆ ಸೇರಿಸಲು ಹೊರಟಾಗ, ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚಿರುವ ಕಡೆಗೆ ಒಲವುಳ್ಳ ಚಾಕುಗಳನ್ನು ನಿಷೇಧದಿಂದ ಹೊರಗಿಟ್ಟಿತು.

ಕೈಯಿಂದ ತೆರೆಯುವುದು ನಿಧಾನವಲ್ಲವೇ?

ಇಪ್ಪತ್ತೈದು ವರ್ಷಗಳ ಹಿಂದೆ ಈ ಪ್ರಶ್ನೆಗೆ ಅರ್ಥವಿತ್ತು. ಆಗಿನ ಅನೇಕ ಕೈಚಾಕುಗಳನ್ನು ಉಗುರು ಸಿಕ್ಕಿಸಿ, ಎರಡೂ ಕೈ ಬಳಸಿ ಬಿಡಿಸಬೇಕಿತ್ತು, ಇಲ್ಲವೇ ಬಿಗಿಯಾದ ಕೀಲಿನೊಡನೆ ಹೆಬ್ಬೆರಳು ಗುದ್ದಾಡಬೇಕಿತ್ತು. ಸ್ಪೈಡರ್ಕೊ ಕಂಪನಿ 1981ರಲ್ಲೇ ಅಲಗಿನಲ್ಲಿ ದುಂಡು ತೂತು ಕೊರೆದು ಒಂದೇ ಕೈಯಲ್ಲಿ ತೆರೆಯುವ ಸುಲಭದ ದಾರಿ ತೋರಿಸಿತ್ತಾದರೂ ಎಲ್ಲರೂ ಆ ದಾರಿ ಹಿಡಿಯಲಿಲ್ಲ.

ಈಗ ಒಂದು ಒಳ್ಳೆಯ ಕೈಚಾಕುವನ್ನು ಬೆಳಕಿಗೆ ಹಿಡಿದು ನೋಡಿ. ಅಲಗನ್ನು ಭದ್ರವಾಗಿ ನಿಲ್ಲಿಸುವ ಲಾಕಿನ ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗುಂಡು ಕೂತಿರುತ್ತದೆ, ಉಕ್ಕಿನದ್ದೋ ಸೆರಾಮಿಕ್ಕಿನದ್ದೋ. ಚಾಕು ಮುಚ್ಚಿದಾಗ ಅದು ಅಲಗಿನ ಬುಡದ ಸಣ್ಣ ಕುಳಿಯೊಳಗೆ ಇಳಿಯುತ್ತದೆ. ಇದೇ ಡಿಟೆಂಟ್. ನೀವು ಫ್ಲಿಪ್ಪರನ್ನು ಒತ್ತಿದಾಗ ಮೊದಲು ಏನೂ ಆಗುವುದಿಲ್ಲ, ಬೆರಳಿನಲ್ಲಿ ಬಲ ಕೂಡುತ್ತಾ ಹೋಗುತ್ತದೆ. ಗುಂಡು ಕುಳಿಯಿಂದ ಜಿಗಿದ ಕ್ಷಣ ಆ ಬಲವೆಲ್ಲ ಒಮ್ಮೆಗೇ ಅಲಗಿಗೆ ಸಿಕ್ಕಿ ಅದು ಹಾರಿ ತೆರೆದುಕೊಳ್ಳುತ್ತದೆ. ಕೀಲಿನಲ್ಲಿ ಬಾಲ್ ಬೇರಿಂಗ್ ಇದ್ದರಂತೂ ಅಡ್ಡಿಯೇ ಇಲ್ಲ. ಅಂದರೆ ಸ್ಪ್ರಿಂಗಿನ ಕೆಲಸವನ್ನು ನಿಮ್ಮ ಬೆರಳೇ ಮಾಡಿದೆ. ಡಿಟೆಂಟ್ ಹದ ತಪ್ಪಿದ ಅಗ್ಗದ ಚಾಕುವಿನಲ್ಲಿ ಅಲಗು ಅರ್ಧಕ್ಕೇ ನಿಂತು ಬೇಸರ ತರಿಸುತ್ತದೆ. ಕೈಚಾಕುಗಳ ಬಗ್ಗೆ ಕೇಳಿಬರುವ ಎಷ್ಟೋ ದೂರುಗಳು ಈ ಗುಂಡಿನ ದೂರುಗಳೇ.

ಕೆರ್ಷಾದ ಸೋದರ ಬ್ರ್ಯಾಂಡ್ ಝೀರೋ ಟಾಲರೆನ್ಸ್‌ನ ಹಾದಿಯನ್ನೇ ನೋಡಿ. ಅದರ ಮೊದಲ ಕಾಲದ 0350 ಎಂಬ ಮಾದರಿ ಸ್ಪ್ರಿಂಗ್ ನೆರವಿನದು. ಆಮೇಲಿನ 0562 ಬೇರಿಂಗ್ ಮೇಲೆ ತಿರುಗುವ ಶುದ್ಧ ಕೈಚಾಕು. ಸ್ಪ್ರಿಂಗ್ ಚಾಕುವನ್ನು ಜನಪ್ರಿಯಗೊಳಿಸಿದ ಮನೆಯವರೇ ದುಬಾರಿ ಚಾಕುಗಳಲ್ಲಿ ಅದನ್ನು ಕೈಬಿಡುತ್ತಾ ಬಂದದ್ದು ನನಗೆ ಯಾವ ಜಾಹೀರಾತಿಗಿಂತ ಹೆಚ್ಚು ಹೇಳುತ್ತದೆ.

ಮುಚ್ಚುವಾಗ ವ್ಯತ್ಯಾಸ ಇದೆಯೇ?

ಇದೆ, ಮತ್ತು ಅಂಗಡಿಯಲ್ಲಿ ಯಾರೂ ಇದನ್ನು ತೋರಿಸುವುದಿಲ್ಲ. ಎಲ್ಲರೂ ತೆರೆದು ತೋರಿಸುತ್ತಾರೆ. ತೆರೆದ ಚಾಕುವನ್ನು ಪ್ರತಿ ಸಲವೂ ಮುಚ್ಚಲೇಬೇಕು, ಬೆರಳು ಕೊಯ್ದುಕೊಳ್ಳುವ ಸಂಭವ ಹೆಚ್ಚಿರುವುದೂ ಆಗಲೇ.

ಅಸಿಸ್ಟೆಡ್ ಚಾಕುವಿನಲ್ಲಿ ಲಾಕನ್ನು ಸರಿಸಿ ಅಲಗನ್ನು ಮಡಚಲು ಹೊರಟರೆ ದಾರಿಯ ಬಹುಭಾಗ ಸ್ಪ್ರಿಂಗಿನ ವಿರುದ್ಧವೇ ತಳ್ಳಬೇಕು. ಒಂದೇ ಕೈಯಲ್ಲಿ ಮಾಡುವವರಿಗೆ ಹೆಬ್ಬೆರಳು ಲಾಕಿನ ಮೇಲಿರುವಾಗ ತೋರುಬೆರಳು ಅಲಗಿನ ಬೆನ್ನನ್ನು ದೂಡಬೇಕು, ಹಿಡಿತ ಸಡಿಲವಾಗುತ್ತದೆ. ಕೊನೆಯ ಹಂತದಲ್ಲಿ ಸ್ಪ್ರಿಂಗ್ ಪಕ್ಷ ಬದಲಿಸಿ ಅಲಗನ್ನು ತಟ್ಟನೆ ಒಳಕ್ಕೆ ಸೆಳೆಯುತ್ತದೆ. ಬೆರಳ ತುದಿ ಹಿಡಿಯ ಬಾಯಿಯಲ್ಲಿದ್ದರೆ ಹೇಳಬೇಕಾಗಿಲ್ಲ. ಅನೇಕರು ಇದಕ್ಕೆ ಹೆದರಿ ಅಲಗಿನ ಬೆನ್ನನ್ನು ತೊಡೆಗೆ ಒತ್ತಿ ಮುಚ್ಚುತ್ತಾರೆ. ಅದು ಕೆಟ್ಟ ಅಭ್ಯಾಸ, ಎರಡು ಕೈ ಬಳಸಿ.

ಕೈಚಾಕುವಿಗೂ ತನ್ನದೇ ಅಪಾಯವಿದೆ. ಬೇರಿಂಗ್ ಇರುವ ಭಾರದ ಅಲಗು ಲಾಕ್ ಬಿಟ್ಟ ಕೂಡಲೇ ತಾನಾಗಿ ಕೆಳಕ್ಕೆ ಬೀಳುತ್ತದೆ, ಅಲ್ಲೇ ಹೆಬ್ಬೆರಳು ಕಾದಿರುತ್ತದೆ. ಕಂಚಿನ ವಾಷರ್ ಇರುವ ಕೀಲು ಇಷ್ಟು ಜಾರುವುದಿಲ್ಲ, ಹಾಗಾಗಿ ಹೊಸಬರಿಗೆ ಅದೇ ಲೇಸು. ಲಾಕ್ ಅಲಗಿನ ದಾರಿಯಿಂದ ಹೊರಗಿರುವ ವಿನ್ಯಾಸಗಳೂ ಇವೆ. ಬೆಂಚ್‌ಮೇಡ್ ಕಂಪನಿ 1998ರಲ್ಲಿ ತಂದ ಆಕ್ಸಿಸ್ ಲಾಕ್ ಅಂಥದ್ದು: ಹಿಡಿಯ ಎರಡೂ ಬದಿಗೆ ಚಾಚಿದ ಅಡ್ಡಕಡ್ಡಿಯನ್ನು ಹಿಂದಕ್ಕೆಳೆದರೆ ಅಲಗು ಸಡಿಲ, ಬೆರಳಿನ ಯಾವ ಭಾಗವೂ ಅದರ ಹಾದಿಯಲ್ಲಿಲ್ಲ. ಎಡಗೈಯವರಿಗೂ ಅದು ಸಮನಾಗಿ ಒಗ್ಗುತ್ತದೆ.

ಜೇಬಿನಲ್ಲಿ ತಾನಾಗಿಯೇ ತೆರೆದುಕೊಂಡರೆ?

ಅಪರೂಪ, ಆದರೆ ಅಸಾಧ್ಯವಲ್ಲ. ಕೈಚಾಕುವಿನ ಅಲಗು ಏನಾದರೂ ತಗುಲಿ ಸ್ವಲ್ಪ ಸರಿದರೆ ಅಷ್ಟಕ್ಕೇ ನಿಲ್ಲುತ್ತದೆ. ಅಸಿಸ್ಟೆಡ್ ಚಾಕು ಆ ಕೋನ ದಾಟಿದರೆ ಉಳಿದದ್ದನ್ನು ತಾನೇ ಪೂರೈಸುತ್ತದೆ. ಇದನ್ನು ಅರಿತೇ ಕೆರ್ಷಾ ಲೀಕ್ ಚಾಕುವಿನ ತುದಿಯಲ್ಲಿ ಮೊನೆಯನ್ನು ಹಿಡಿದಿಡುವ ಸಣ್ಣ ಜಾರುಚಿಲಕವಿದೆ. ಅದನ್ನು ಹಾಕಿಟ್ಟರೆ ನಿಶ್ಚಿಂತೆ. ಆದರೆ ಪ್ರತಿ ಸಲ ಚಿಲಕ ಸರಿಸಿ ಆಮೇಲೆ ತೆರೆಯುವುದಾದರೆ ಸ್ಪ್ರಿಂಗ್ ಉಳಿಸಿಕೊಟ್ಟ ಸಮಯ ಎಲ್ಲಿ ಹೋಯಿತು?

ಸ್ಪ್ರಿಂಗ್ ಮುರಿದರೆ ಚಾಕು ಕೆಲಸಕ್ಕೆ ಬಾರದೇ?

ಲಾಕ್ ಬೇರೆ, ಸ್ಪ್ರಿಂಗ್ ಬೇರೆ. ಸ್ಪ್ರಿಂಗ್ ಮುರಿದರೂ ತೆರೆದ ಅಲಗು ಭದ್ರವಾಗಿಯೇ ನಿಲ್ಲುತ್ತದೆ, ಕತ್ತರಿಸಲು ಅಡ್ಡಿಯಿಲ್ಲ. ತೊಂದರೆ ಮುಚ್ಚಿಟ್ಟಾಗ. ಹಲವು ಅಸಿಸ್ಟೆಡ್ ಚಾಕುಗಳಲ್ಲಿ ಅಲಗನ್ನು ಒಳಗೆ ಹಿಡಿದಿಡುವುದೂ ಅದೇ ಸ್ಪ್ರಿಂಗ್, ಗಟ್ಟಿ ಡಿಟೆಂಟ್ ಇರುವುದಿಲ್ಲ. ಮುಚ್ಚಿದ ಚಾಕುವನ್ನು ಹಿಡಿಯ ಬಾಯಿ ಕೆಳಗಾಗುವಂತೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲಗು ಜೋತು ಹೊರಬಂದರೆ ಹೊಸ ಸ್ಪ್ರಿಂಗ್ ಬರುವ ತನಕ ಅದನ್ನು ಜೇಬಿಗಿಳಿಸಬೇಡಿ. ಸ್ಪ್ರಿಂಗ್ ತೆಗೆದು ಅದನ್ನೇ ಕೈಚಾಕು ಮಾಡಿಕೊಳ್ಳಬಹುದೇ ಎಂದು ಕೇಳುವವರಿಗೂ ಇದೇ ಉತ್ತರ.

ಧೂಳು, ಮೇಣ, ಮಳೆ: ನಮ್ಮ ಕಡೆ ಯಾವುದು ಬಾಳುತ್ತದೆ?

ಕೊಳೆ ಸೇರಲು ಹೆಚ್ಚು ಮೂಲೆಗಳಿಲ್ಲದ ಚಾಕು ಬಾಳುತ್ತದೆ, ಅಂದರೆ ಕೈಚಾಕು. ಹಲಸಿನ ಹಣ್ಣು ಬಿಡಿಸಿದ ಚಾಕುವನ್ನು ಒಮ್ಮೆ ಗಮನಿಸಿ. ಅಲಗಿನ ಮೇಲಿನ ಮೇಣ ಕಣ್ಣಿಗೆ ಕಾಣುತ್ತದೆ, ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಹೋಗುತ್ತದೆ. ಕಾಣದಂತೆ ಕೀಲಿನೊಳಗೆ ಇಳಿದ ಮೇಣ ಅಲಗನ್ನು ಎಳೆದು ಹಿಡಿಯತೊಡಗುತ್ತದೆ. ಕೈಚಾಕುವಾದರೆ ಕೀಲಿನ ಒಂದು ಸ್ಕ್ರೂ, ಹಿಡಿಯ ಎರಡು ಮೂರು ಸ್ಕ್ರೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದು ಬಿಡುವಿನ ಹೊತ್ತಿನ ಕೆಲಸ. ಅಸಿಸ್ಟೆಡ್ ಚಾಕುವಿನಲ್ಲಿ ಬಿಗಿದ ತಂತಿಯನ್ನು ತೋಡಿಗೆ ಕೂರಿಸುತ್ತಾ, ಅಲಗನ್ನು ಹಿಡಿಯುತ್ತಾ, ಮೇಲಿನ ಪಟ್ಟಿಯನ್ನೂ ಮುಚ್ಚಬೇಕು. ಮೂರನೆಯ ಕೈ ಬೇಕೆನಿಸುತ್ತದೆ. ತಂತಿ ಹಾರಿ ಸೋಫಾದ ಕೆಳಗೆ ಸೇರಿದರೆ ಆ ದಿನದ ಕೆಲಸ ಮುಗಿದಂತೆ.

ಕೊಬ್ಬರಿ ಎಣ್ಣೆಯನ್ನು ಅಲಗಿಗೆ ಹಚ್ಚಿ, ಕೀಲಿಗೆ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ತೊಟ್ಟು ಸಾಕು.

ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಮಾತು. ಫ್ರಾನ್ಸಿನ ಒಪಿನೆಲ್ ಅಂದವಾದ ಚಾಕು. 1890ರಿಂದ ಸವಾಯ್ ಪ್ರಾಂತ್ಯದಲ್ಲಿ ತಯಾರಾಗುತ್ತಿದೆ, ಸ್ಪ್ರಿಂಗೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಆದರೆ ಅದರದ್ದು ಮರದ ಹಿಡಿ. ಆಷಾಢದ ತೇವಕ್ಕೆ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿದರೆ ಯಾವ ಬೆರಳಿಗೂ ಜಗ್ಗುವುದಿಲ್ಲ. ಒಣಗಿದ ಮೇಲೆ ತಾನಾಗಿ ಸರಿಹೋಗುತ್ತದೆ ಅನ್ನಿ.

ಉಕ್ಕಿನ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿದೆಯೇ?

ಇಲ್ಲ. ಕರಾವಳಿಯಲ್ಲಿದ್ದರೆ 14ಸಿ28ಎನ್ ಅಥವಾ 12ಸಿ27ರಂಥ ತುಕ್ಕು ಹಿಡಿಯದ ಉಕ್ಕು ಆರಿಸಿ. ಡಿ2 ಎಂಬ ಉಕ್ಕು ಹರಿತವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ, ಆದರೆ ಉಪ್ಪುಗಾಳಿಗೆ ಚುಕ್ಕಿ ಬೀಳುತ್ತದೆ. ಶುದ್ಧ ಕಾರ್ಬನ್ ಉಕ್ಕಿನಲ್ಲಿ ಮಾವಿನಕಾಯಿ ಹೆಚ್ಚಿದರೆ ಅಲಗು ಕಪ್ಪಾಗುತ್ತದೆ, ಕಾಯಿಗೂ ಕಬ್ಬಿಣದ ರುಚಿ ಹತ್ತುತ್ತದೆ.

ಹಾಗಾದರೆ ಅಸಿಸ್ಟೆಡ್ ಚಾಕು ಯಾರಿಗೂ ಬೇಡವೇ?

ಬೇಕಾದವರಿದ್ದಾರೆ. ಹೆಬ್ಬೆರಳಿನ ಗಂಟಿನಲ್ಲಿ ಸಂಧಿವಾತ ಇರುವವರಿಗೆ ಗಟ್ಟಿ ಡಿಟೆಂಟ್ ಹಿಂಸೆ, ಸ್ಪ್ರಿಂಗ್ ಅವರ ಅರ್ಧ ಶ್ರಮವನ್ನು ಉಳಿಸುತ್ತದೆ. (ಮುಚ್ಚುವಾಗ ಆ ಶ್ರಮ ಹಿಂದಿರುಗುತ್ತದೆ ಎಂಬುದನ್ನು ಅವರಿಗೆ ಮೊದಲೇ ಹೇಳಬೇಕು.) ದಪ್ಪ ಕೈಗವಸು ತೊಟ್ಟು ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುವವರು, ಏಣಿಯ ಮೇಲೆ ಒಂದು ಕೈ ಹಿಡಿದೇ ಇರಬೇಕಾದ ವಿದ್ಯುತ್ ಕೆಲಸಗಾರರು ಇದನ್ನು ಮೆಚ್ಚುತ್ತಾರೆ. ಆ ‘ಟಕ್’ ಸದ್ದಿಗಾಗಿಯೇ ಕೊಳ್ಳುವವರೂ ಇದ್ದಾರೆ. ಅದು ತಪ್ಪೇನಲ್ಲ, ಆದರೆ ಬಸ್ಸಿನಲ್ಲಿ ಕೂತು ಹಾಗೆ ಆಡಿಸಬೇಡಿ.

ಭಾರತದಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ?

2016ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯಲ್ಲಿ ಕತ್ತಿ, ಬಾಕು, ಚಾಕುಗಳ ಹೆಸರಿನ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಎಂಬ ಅಳತೆ ಬರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗಾಗಿ ತಯಾರಾದವು ಅದರಿಂದ ಹೊರಗೆ. ಜೇಬಿನ ಚಾಕುಗಳ ಅಲಗು ಸಾಮಾನ್ಯವಾಗಿ 3ರಿಂದ 4 ಇಂಚು, ಆ ಅಳತೆಯ ಹತ್ತಿರವೂ ಬರುವುದಿಲ್ಲ.

ಇಷ್ಟಕ್ಕೇ ನಿಟ್ಟುಸಿರು ಬಿಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೇ ಕಲಂ ಪ್ರಕಾರ ಯಾವುದೇ ಪ್ರದೇಶಕ್ಕೆ ಪ್ರತ್ಯೇಕ ಅಧಿಸೂಚನೆ ಹೊರಡಿಸಿ ಬಿಗಿ ಮಾಡಬಹುದು. ದೆಹಲಿ ಅದಕ್ಕೆ ಸಾಕ್ಷಿ. ಅಲ್ಲಿನ 1980ರ ಅಧಿಸೂಚನೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದ ಅಲಗಿನ ಬಟನ್ ಚಾಕು, ಸ್ಪ್ರಿಂಗ್ ಚಾಕು, ‘ಗರಾರಿದಾರ್’ ಚಾಕುಗಳನ್ನು ಹೆಸರಿಸಿಯೇ ಹಿಡಿಯುತ್ತದೆ. ಗರಾರಿದಾರ್ ಎಂದರೆ ಹಲ್ಲುಚಕ್ರದಂತೆ ಕರಕರ ಸದ್ದು ಮಾಡುತ್ತಾ ತೆರೆಯುವುದು. ಜೇಬಿನಲ್ಲಿ ಅಸಿಸ್ಟೆಡ್ ಚಾಕು ಇಟ್ಟುಕೊಂಡು ದೆಹಲಿಯ ಪೊಲೀಸರಿಗೆ ‘ಇದರ ಸ್ಪ್ರಿಂಗ್ ಮುಚ್ಚುವ ಕಡೆಗೆ ಒಲವುಳ್ಳದ್ದು’ ಎಂದು ವಿವರಿಸುವ ಉತ್ಸಾಹ ನಿಮಗಿದ್ದರೆ ನಾನು ತಡೆಯುವುದಿಲ್ಲ. ಬಟನ್ ಲಾಕ್ ಇರುವ ಕೈಚಾಕುವಿಗೂ ಇದೇ ಫಜೀತಿ: ಆ ಬಟನ್ ಬರೀ ಲಾಕ್ ಬಿಡಿಸುತ್ತದೆ, ಒಳಗೆ ಅಲಗು ನೂಕುವ ಸ್ಪ್ರಿಂಗ್ ಇಲ್ಲ, ಆದರೆ ನೋಡಿದವರು ನಂಬಬೇಕಲ್ಲ.

ಕರ್ನಾಟಕದಲ್ಲೂ ಚುನಾವಣೆ, ಗಲಭೆ, ಕೆಲವು ಮೆರವಣಿಗೆಗಳ ಹೊತ್ತಿಗೆ ನಿಷೇಧಾಜ್ಞೆ ಜಾರಿಯಾದರೆ ಹರಿತವಾದ ಯಾವುದನ್ನೂ ಹೊತ್ತು ತಿರುಗುವಂತಿಲ್ಲ ಎಂಬ ಸಾಲು ಅದರಲ್ಲಿರುವುದು ವಾಡಿಕೆ. 2024ರ ಜುಲೈ 1ರವರೆಗೆ ಅದು 144ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 163.

ರಾಮಪುರಿ ಚಾಕು ಅಸಿಸ್ಟೆಡ್ ಚಾಕುವೇ?

ಅಲ್ಲ. ಉತ್ತರ ಪ್ರದೇಶದ ರಾಮಪುರದ ಹೆಸರಾಂತ ಚಾಕು ಬಟನ್ ಜಾತಿಯದು. ಹಿಂದಿ ಸಿನಿಮಾಗಳ ಖಳರು ಅದಕ್ಕೆ ಕೆಟ್ಟ ಹೆಸರು ತಂದರು, ಊರಿನ ಕುಶಲಕರ್ಮಿಗಳು ಅದರ ಬೆಲೆ ತೆತ್ತರು. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನೇ ನಿಲ್ಲಿಸಿದ್ದಾರೆ.

ವಿದೇಶದಲ್ಲಿರುವ ನಮ್ಮವರು ಏನನ್ನು ಗಮನಿಸಬೇಕು?

ಅಮೆರಿಕದಲ್ಲಿ ಕೇಂದ್ರ ಕಾಯ್ದೆ ಅಸಿಸ್ಟೆಡ್ ಚಾಕುವಿನ ಪರವಾಗಿದೆ, ಆದರೆ ರಾಜ್ಯ ಮತ್ತು ನಗರಗಳ ನಿಯಮ ಬೇರೆ. ಕ್ಯಾಲಿಫೋರ್ನಿಯದ ಕಾನೂನು ಅಲಗನ್ನೇ ಹೆಬ್ಬೆರಳಿನಿಂದ ತಳ್ಳಿ ತೆರೆಯುವ ಚಾಕುವಿಗೆ ವಿನಾಯಿತಿ ಕೊಟ್ಟಿದೆ. ನ್ಯೂಯಾರ್ಕಿನಲ್ಲಿ ಉಲ್ಟಾ ಕಥೆ ನಡೆದಿತ್ತು. ಮಣಿಕಟ್ಟು ಕೊಡವಿದರೆ ಅಲಗು ತೆರೆಯಿತೆಂಬ ಕಾರಣಕ್ಕೆ ಸಾಮಾನ್ಯ ಕೈಚಾಕುಗಳನ್ನೇ ‘ಗ್ರ್ಯಾವಿಟಿ ಚಾಕು’ ಎಂದು ಹಿಡಿದು ಕೂಲಿಕಾರರ ಮೇಲೆ ಕೇಸು ಹಾಕುತ್ತಿದ್ದರು. 2019ರಲ್ಲಿ ಆ ನಿಷೇಧ ರದ್ದಾಯಿತು. ಸ್ಪ್ರಿಂಗ್ ಇಲ್ಲದ ಮಾತ್ರಕ್ಕೆ ನಿರಪಾಯ ಎಂದುಕೊಳ್ಳುವವರು ಈ ಪ್ರಸಂಗವನ್ನು ನೆನಪಿಡಲಿ.

ಬ್ರಿಟನ್ನಿನಲ್ಲಿ ಅಸಿಸ್ಟೆಡ್ ಚಾಕುವಿನ ಆಸೆ ಬಿಟ್ಟುಬಿಡಿ. 2019ರ ಕಾಯ್ದೆ ವ್ಯಾಖ್ಯೆಯನ್ನು ಹಿಗ್ಗಿಸಿ, ಅರ್ಧ ತೆರೆದ ಮೇಲೆ ತಾನಾಗಿ ಪೂರ್ತಿ ತೆರೆಯುವುದನ್ನೂ ನಿಷಿದ್ಧ ಪಟ್ಟಿಗೆ ತಂದಿದೆ. 2021ರ ಜುಲೈನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಕಾರಣ ಕೊಡದೆ ಹೊರಗೆ ಒಯ್ಯಬಹುದಾದದ್ದು 3 ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಕತ್ತಿನ ಬಳೆ ತಿರುಗಿಸಿ ಭದ್ರಪಡಿಸುವ ಒಪಿನೆಲ್ ಕೂಡ ಆ ಸಾಲಿಗೆ ಬರುವುದಿಲ್ಲ.

ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಸಕಾರಣವಿಲ್ಲದೆ ಸಾರ್ವಜನಿಕವಾಗಿ ಒಯ್ಯುವಂತಿಲ್ಲ. ಅಂದರೆ ಈ ಪುಟದಲ್ಲಿ ನಾನು ಹೊಗಳಿದ ಕೈಚಾಕುಗಳಲ್ಲಿ ಬಹುಪಾಲು ಅಲ್ಲಿ ಮನೆಯಲ್ಲೇ ಇರಬೇಕು. ಉಗುರಿನಿಂದ ಬಿಡಿಸುವ, ಲಾಕ್ ಇಲ್ಲದ ಸಣ್ಣ ಸ್ವಿಸ್ ಚಾಕು ಸಾಮಾನ್ಯವಾಗಿ ಎರಡೂ ದೇಶಗಳಿಗೆ ಹೊಂದುತ್ತದೆ.

ವಿಮಾನದಲ್ಲಿ?

ಕೈಚೀಲದಲ್ಲಿ ಯಾವುದೂ ಬೇಡ, ಲಗೇಜಿಗೆ ಹಾಕಿ. ಅಮೆರಿಕದಲ್ಲಿ 2013ರಲ್ಲಿ 6 ಸೆಂ.ಮೀ. ಒಳಗಿನ ಸಣ್ಣ ಚಾಕುಗಳನ್ನು ಬಿಡುತ್ತೇವೆಂದು ಪ್ರಕಟಿಸಿ, ವಿಮಾನ ಸಿಬ್ಬಂದಿಯ ವಿರೋಧದ ನಂತರ ಕೆಲವೇ ತಿಂಗಳಲ್ಲಿ ಹಿಂದೆ ಸರಿದರು.

ಆತ್ಮರಕ್ಷಣೆಗೆ ಬೇಗ ತೆರೆಯುವ ಚಾಕು ಒಳ್ಳೆಯದಲ್ಲವೇ?

ಈ ಪುಟ ಹಗ್ಗ, ಹಣ್ಣು, ಪೆಟ್ಟಿಗೆ ಕತ್ತರಿಸುವವರಿಗೆ. ಆ ಉದ್ದೇಶಕ್ಕೆ ಚಾಕು ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಕೊಳ್ಳಬೇಡಿ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಏನು ನೋಡಲಿ?

ಮೊದಲು ಮುಚ್ಚಿ ನೋಡಿ, ಆಮೇಲೆ ತೆರೆದು ನೋಡಿ. ತೆರೆದ ಅಲಗಿನ ಬೆನ್ನನ್ನು ಹಿಡಿದು ಎಡಬಲಕ್ಕೆ, ಮೇಲೆ ಕೆಳಕ್ಕೆ ಅಲ್ಲಾಡಿಸಿ. ಎಡಬಲಕ್ಕೆ ತುಸು ಆಡಿದರೆ ಕೀಲಿನ ಸ್ಕ್ರೂ ಬಿಗಿದು ಸರಿಮಾಡಬಹುದು, ಮೇಲೆ ಕೆಳಕ್ಕೆ ಆಡಿದರೆ ಲಾಕೇ ಸರಿಯಿಲ್ಲ, ವಾಪಸು ಕೊಡಿ. ಮುಚ್ಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂತಿದೆಯೇ, ಒಂದು ಬದಿಯ ತಗಡನ್ನು ಉಜ್ಜುತ್ತಿದೆಯೇ ಎಂದು ತುದಿಯಿಂದ ಇಣುಕಿ. ಅಸಿಸ್ಟೆಡ್ ಆದರೆ ಫ್ಲಿಪ್ಪರನ್ನು ಬೇಕೆಂದೇ ಅಳುಕಿನಿಂದ, ನಿಧಾನವಾಗಿ ಒತ್ತಿ. ಆಗಲೂ ಪೂರ್ತಿ ತೆರೆದು ಲಾಕ್ ಆಗಬೇಕು. ಕೈಚಾಕುವಿಗೆ ಈ ಪರೀಕ್ಷೆ ಅನ್ಯಾಯ, ಅದಕ್ಕೆ ತುಂಬು ಮನಸ್ಸಿನ ಒಂದು ಒತ್ತು ಕೊಡಲೇಬೇಕು.

ಇಷ್ಟೆಲ್ಲ ಬೇಡ, ಹೆಸರು ಹೇಳಿ.

ಕರ್ನಾಟಕದಲ್ಲಿದ್ದು ಮನೆ, ತೋಟ, ಪ್ರಯಾಣಕ್ಕೆ ಬೇಕಿದ್ದರೆ ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ, ಮುಚ್ಚಿದಾಗ 91 ಮಿ.ಮೀ. ಉದ್ದವಿರುವ ಸಾಲಿನ ಯಾವುದಾದರೊಂದು. ಅಲಗನ್ನು ಚಿಮ್ಮಿಸುವ ಸ್ಪ್ರಿಂಗೂ ಇಲ್ಲ, ಅಲಗಿಗೆ ಲಾಕೂ ಇಲ್ಲ, ಯಾರೂ ಹುಬ್ಬೇರಿಸುವುದಿಲ್ಲ. ಅಮೆರಿಕದಲ್ಲಿದ್ದು ಒಂದೇ ಕೈಯಲ್ಲಿ ತೆರೆಯುವುದು ಬೇಕಿದ್ದರೆ ಸ್ಪೈಡರ್ಕೊ ಡೆಲಿಕಾ, ಅಗ್ಗದಲ್ಲಿ ಬೇಕಿದ್ದರೆ ಒಂಟಾರಿಯೊ ರ‍್ಯಾಟ್ 2 ಅಥವಾ ಸಿವಿವಿ ಎಲಿಮೆಂಟಮ್. ಸ್ಪ್ರಿಂಗೇ ಬೇಕೆಂದು ಹಟ ಹಿಡಿದವರಿಗೆ ಕೆರ್ಷಾ ಲೀಕ್, ತುದಿಯ ಚಿಲಕ ಹಾಕುವ ಅಭ್ಯಾಸದೊಂದಿಗೆ. ಬಜೆಟ್ಟಿನಲ್ಲಿ ಒಂದು ಪಾಲನ್ನು ಸಾಣೆಕಲ್ಲಿಗೆ ಎತ್ತಿಡಿ. ಮೊಂಡು ಚಾಕು ಹೇಗೆ ತೆರೆದರೂ ಟೊಮೆಟೊ ಜಜ್ಜುತ್ತದೆ.